ಬೀಗರ ಪಂಕ್ತಿಯಲ್ಲಿ ಹೋಳಿಗೆ ಬೇಡವೆಂದದ್ದು

ನಮ್ಮ ಕಡೆ ಸಿಟ್ಟು ಬಂದರೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಉಣ್ಣುವುದಿಲ್ಲ, ಅಷ್ಟೆ. "ನಂಗೆ ಹಸಿವಿಲ್ಲ" ಎಂದು ಒಬ್ಬರು ತಟ್ಟೆ ಪಕ್ಕಕ್ಕಿಟ್ಟರೆ ಸಾಕು, ಮನೆಯ ಉಳಿದವರೆಲ್ಲ ಕೂತು ಯಾರಿಂದ ಏನು ತಪ್ಪಾಯಿತು ಎಂದು ಹುಡುಕಬೇಕು. ಗುಬ್ಬಿ ಹತ್ತಿರದ ಕಡಬಕ್ಕೆ ನಾನು ಸೊಸೆಯಾಗಿ ಹೋದ ಹೊಸತರಲ್ಲಿ ನಮ್ಮತ್ತೆ ಎರಡು ದಿನ ಹೀಗೆ ಇದ್ದರು. ಮನೆಮಂದಿಯೆಲ್ಲ ಸೇರಿ ಹುಡುಕಿದ ಮೇಲೆ ತಿಳಿದದ್ದು, ನಾನು ಅವರನ್ನು ಕೇಳದೆ ಹುಣಸೆಹಣ್ಣಿನ ಮಡಕೆಯ ಜಾಗ ಬದಲಿಸಿದ್ದೆ. ಮಡಕೆ ವಾಪಸು ಹೋಯಿತು, ಅತ್ತೆ ಎರಡು ಮುದ್ದೆ ಉಂಡರು, ಆ ವಿಷಯ ಅಲ್ಲಿಗೆ ಮುಗಿಯಿತು. ನಮ್ಮ ಯಜಮಾನರದ್ದು ಇನ್ನೊಂದು ಥರ. ಅವರು ಸಿಟ್ಟು ಮಾಡಿಕೊಂಡು ಮನೆಯಲ್ಲಿ ಉಪವಾಸ ಇರುತ್ತಿದ್ದರು, ಸಾಯಂಕಾಲ ಕೆರೆ ಏರಿಯ ಪಕ್ಕದ ಅಂಗಡಿಯಲ್ಲಿ ಬನ್ನು ತಿಂದು ಟೀ ಕುಡಿದು ಬಂದು ಮತ್ತೆ ಉಪವಾಸ ಮುಂದುವರಿಸುತ್ತಿದ್ದರು. ಮೀಸೆಯ ಮೇಲೆ ಬನ್ನಿನ ಪುಡಿ ಇದ್ದರೂ ನಾವು ಯಾರೂ ಅದನ್ನು ನೋಡುತ್ತಿರಲಿಲ್ಲ. ಸಿಟ್ಟಿಗೂ ಒಂದು ಮರ್ಯಾದೆ ಬೇಕಲ್ಲ.

ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದ ಹೆಂಗಸು ಅರವತ್ತೆಂಟನೇ ವಯಸ್ಸಿನಲ್ಲಿ ಮುದ್ದೆ ಬೇಡ, ಅನ್ನ ಬೇಡ, ಇಡ್ಲಿ ಬೇಡ ಎಂದು ಹೇಳಿಕೊಂಡು ಓಡಾಡಿದರೆ ಏನಾಗಬೇಕೋ ಅದು ಆಯಿತು. ನನಗೇನೂ ಅದರ ಬಗ್ಗೆ ನಾಚಿಕೆ ಇಲ್ಲ. ಮಾಡಿದ್ದು ಮಾಡಿದ್ದೇ. ಆದರೆ ಬೇರೆಯವರು ತಮಗೆ ಬೇಕಾದಂತೆ ಬಣ್ಣ ಕಟ್ಟಿ ಹೇಳುವುದಕ್ಕಿಂತ ನಾನೇ ಬರೆದಿಡುವುದು ಮೇಲು ಎಂದು ಕೂತಿದ್ದೇನೆ.

ಶುರುವಾದದ್ದು ಒಂದು ಬಸ್ಸಿನಿಂದ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳಲು ಒಬ್ಬರು ಬೇಕಾಗಿತ್ತು, ಬಿಡಿಸಿದರು. ಆ ನಾಲ್ಕು ಕ್ಲಾಸಿನ ಅಕ್ಷರವನ್ನು ನಾನು ಬಿಟ್ಟುಕೊಟ್ಟಿಲ್ಲ. ಈಗ ಮಗ ಮಂಜನ ಜೊತೆ ತುಮಕೂರಿನಲ್ಲಿ, ಶಿರಾ ಗೇಟಿನ ಹತ್ತಿರ ಇದ್ದೇನೆ. ಬೆಳಿಗ್ಗೆ ಪೇಪರು ಬಂದರೆ ಮೊದಲ ಅಕ್ಷರದಿಂದ ಕೊನೆಯ ಪುಟದ ಹರಾಜಿನ ನೋಟೀಸಿನವರೆಗೆ ಬೆರಳಿಟ್ಟು ಓದುತ್ತೇನೆ. ಎರಡು ಗಂಟೆ ಬೇಕು. ನನಗೇನು ಕಚೇರಿ ಇದೆಯೇ. ಹೋದ ವರ್ಷದಿಂದ ಅಕ್ಷರಗಳ ಮೇಲೆ ಯಾರೋ ಮಜ್ಜಿಗೆ ಚೆಲ್ಲಿದ ಹಾಗೆ ಕಾಣಲು ಶುರುವಾಯಿತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮಂಜ ತಾನೇ ಓದಿ ಹೇಳಲು ಕೂರುತ್ತಾನೆ. ಅವನು ಪೇಪರು ಓದುವ ಚೆಂದ ನನಗೆ ಗೊತ್ತು. ದಪ್ಪ ಅಕ್ಷರದ್ದು ಮಾತ್ರ ಓದಿ, "ಉಳಿದಿದ್ದೇನಿಲ್ಲ ಕಣವ್ವ, ಅದೇ ಗಲಾಟೆ" ಎಂದು ಮಡಿಚಿಡುತ್ತಾನೆ. ಯಾವ ಗಲಾಟೆ, ಯಾರದ್ದು, ಎಲ್ಲಿ ಎಂಬುದು ಬೇಡವೇ ನನಗೆ.

ಒಂದು ದಿನ ಕಡಬಕ್ಕೆ ಹೋಗಬೇಕೆಂದು ಗುಬ್ಬಿ ಬಸ್ಸು ಹತ್ತಿದೆ. ಬೋರ್ಡು ನೋಡಿಯೇ ಹತ್ತಿದ್ದು. ಮೊದಲ ಅಕ್ಷರಕ್ಕೆ ಕೊಂಬು ಇತ್ತು, ಅಷ್ಟು ಕಂಡಿತು, ಸಾಕು ಅಂದುಕೊಂಡೆ. ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಬಂದು, "ಎಲ್ಲಿಗಜ್ಜಿ" ಎಂದ. "ಗುಬ್ಬಿ" ಎಂದೆ. "ಇದು ಕುಣಿಗಲ್ ಬಸ್ಸು ಕಣಜ್ಜಿ. ಬೋರ್ಡು ನೋಡ್ಲಿಲ್ವಾ" ಎಂದ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ನೋಡೇ ಹತ್ತಿದೀನಿ. ಕುಣಿಗಲ್ಲಿಗೇ ಕೊಡು. ಮಗಳವಳೆ ಅಲ್ಲಿ" ಎಂದೆ. "ಈಗ ಗುಬ್ಬಿ ಅಂದ್ರಲ್ಲ" ಎಂದ. "ಗುಬ್ಬಿಗೆ ನಾಳೆ ಹೋಯ್ತೀನಿ. ನಿಂಗ್ಯಾಕೆ" ಎಂದೆ. ಹೀಗೆ ನಾನು ಒಂದು ಮಾತಿಗೋಸ್ಕರ ಕುಣಿಗಲ್ಲಿಗೆ ಹೋದೆ. ಮಗಳು ವನಜ ಬಾಗಿಲು ತೆಗೆದು, "ಏನವ್ವ, ಹೇಳ್ದೆ ಕೇಳ್ದೆ" ಎಂದಳು. "ಯಾಕೆ, ಮಗಳ ಮನೆಗೆ ಬರಕ್ಕೆ ಕಾಗದ ಬರೀಬೇಕಾ" ಎಂದೆ. ಆದರೆ ಅವಳು ಹೈಸ್ಕೂಲಿನಲ್ಲಿ ಪಾಠ ಹೇಳುವವಳು, ಎದುರಿಗೆ ಕೂತವರು ಸುಳ್ಳು ಹೇಳುವುದನ್ನು ದಿನವೂ ನೋಡುವವಳು. ಕಾಫಿ ಲೋಟ ಇಟ್ಟಾಗ ನಾನು ಲೋಟದ ಪಕ್ಕದ ಗಾಳಿಯನ್ನು ಹಿಡಿದುಕೊಂಡೆ. ಮಾರನೇ ದಿನ ಬೆಳಿಗ್ಗೆ ಕಣ್ಣಿನ ಡಾಕ್ಟರ ಮುಂದೆ ಕೂರಿಸಿದಳು.

ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಮಾಡಿ ಎಂದೆ. ರಕ್ತ ನೋಡಬೇಕು ಎಂದರು. ನೋಡಿ ಎಂದೆ. ರಕ್ತ ನೋಡಿದ ಮೇಲೆ ಅವರ ಮುಖ ಬದಲಾಯಿತು. ಸಕ್ಕರೆ ಇರಬೇಕಾದ್ದಕ್ಕಿಂತ ಎರಡರಷ್ಟು ಇದೆಯಂತೆ. ಇಷ್ಟು ಇಟ್ಟುಕೊಂಡು ಕಣ್ಣು ಮುಟ್ಟಲು ಆಗುವುದಿಲ್ಲ, ಮಾತ್ರೆ ಕೊಡುತ್ತೇನೆ, ಊಟ ಕಡಿಮೆ ಮಾಡಿ ಒಂದು ತಿಂಗಳು ಬಿಟ್ಟು ಬನ್ನಿ, ಇಳಿದಿದ್ದರೆ ಆಪರೇಷನ್, ಇಲ್ಲದಿದ್ದರೆ ಇಲ್ಲ ಎಂದರು. "ಅಲ್ಲಿವರೆಗೂ ಪೇಪರು ಹೆಂಗೆ ಓದಲಿ" ಎಂದು ಕೇಳಿದೆ. ಡಾಕ್ಟರು ವನಜಳ ಮುಖ ನೋಡಿದರು. ಪ್ರಶ್ನೆ ಕೇಳಿದವಳನ್ನು ಬಿಟ್ಟು ಪಕ್ಕದವರ ಮುಖ ನೋಡುವುದನ್ನು ಇವರಿಗೆ ಯಾರು ಕಲಿಸಿದರೋ.

ವನಜಳಿಗೆ ಅದೇ ಬೇಕಾಗಿತ್ತು. ಅವಳು ಆರು ತಿಂಗಳಿನಿಂದ ಫೋನಿನಲ್ಲಿ ಯಾವುದೋ ಗುಂಪು ಸೇರಿಕೊಂಡು ಲೋ ಕಾರ್ಬ್ ಡಯಟ್ ಮಾಡುತ್ತಿದ್ದಳು. ಸಣ್ಣಗಾಗಿ ಕುಪ್ಪಸವೆಲ್ಲ ಹಿಡಿಸಿಕೊಂಡಿದ್ದಾಳೆ. ಅಂದರೆ ಏನೇ ಅದು ಎಂದೆ. "ಏನಿಲ್ಲ ಕಣವ್ವ. ಅನ್ನ, ಮುದ್ದೆ, ಚಪಾತಿ, ರೊಟ್ಟಿ, ಇಡ್ಲಿ, ದೋಸೆ, ಉಪ್ಪಿಟ್ಟು, ಸಕ್ಕರೆ, ಬೆಲ್ಲ, ಆಲೂಗಡ್ಡೆ, ಬಾಳೆಹಣ್ಣು, ಇಷ್ಟು ಬಿಟ್ರೆ ಸಾಕು" ಎಂದಳು. "ಇಷ್ಟು ಬಿಟ್ರೆ ಉಳಿಯೋದು ತಟ್ಟೆ ಒಂದೇ" ಎಂದೆ. ನಾನು ಆಗಲ್ಲ ಎಂದು ಖಂಡಿತವಾಗಿ ಹೇಳಿಬಿಟ್ಟೆ. ಎಷ್ಟು ಮಾತ್ರೆ ಬೇಕಾದರೂ ಕೊಡಿ ನುಂಗುತ್ತೇನೆ, ಮುದ್ದೆಗೆ ಕೈ ಹಾಕಬೇಡಿ ಎಂದು ಎದ್ದು ಹೋಗಿ ಒಳಗೆ ಮಲಗಿದೆ. ಅವಳು ನಡುಮನೆಯಿಂದ ತಮ್ಮನಿಗೆ ಫೋನು ಮಾಡಿದಳು. ನನಗೆ ಕಣ್ಣು ಮಂಜು, ಕಿವಿ ಚೆನ್ನಾಗಿದೆ. "ಅವ್ವನ ಕೈಲಿ ಆಗಲ್ಲ ಬಿಡೋ. ಮುದ್ದೆ ಬಿಡು ಅಂದ್ರೆ ಉಸಿರು ಬಿಡು ಅಂದಂಗೆ ಆಡ್ತಳೆ. ಕಣ್ಣು ಹೋದ್ರೆ ಹೋಗ್ಲಿ, ನಾವೇನು ಮಾಡಕ್ಕಾಯ್ತದೆ" ಎಂದಳು.

ನಾನು ಎದ್ದು ಕೂತೆ. ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಹೇಳಿದವರು ಇದುವರೆಗೆ ಮೂರು ಜನ. ನಮ್ಮಪ್ಪ, ನಮ್ಮತ್ತೆ, ಮತ್ತೆ ನನ್ನನ್ನು ಹೊಲಿಗೆ ಕ್ಲಾಸಿನಿಂದ ಎಬ್ಬಿಸಿ ಕಳಿಸಿದ ಟೀಚರು. ಮೂವರಿಗೂ ನಾನು ತೋರಿಸಿಯೇ ಬಿಟ್ಟದ್ದು. ಈಗ ಹೊಟ್ಟೆಯಲ್ಲಿ ಹುಟ್ಟಿದ್ದೇ ನಾಲ್ಕನೆಯದಾಗಿ ಸೇರಿಕೊಂಡಿತು. ನಡುಮನೆಗೆ ಹೋಗಿ, "ಇವತ್ತಿಂದಲೇ ಶುರು. ಏನು ಬೇಯ್ಸಿದೀಯ ಇಕ್ಕು" ಎಂದೆ. ಡಾಕ್ಟರಿಗೆ ಹೆದರಿ ಅಲ್ಲ, ಆರೋಗ್ಯದ ಆಸೆಗೂ ಅಲ್ಲ, ನಾನು ಮುದ್ದೆ ಬಿಟ್ಟದ್ದು ಆ ಹುಡುಗಿಯ ಬಾಯಿ ಮುಚ್ಚಿಸಲು. ಇದನ್ನು ಆರಂಭದಲ್ಲೇ ಹೇಳಿಬಿಟ್ಟರೆ ಒಳ್ಳೆಯದು.

ತುಮಕೂರಿಗೆ ಬಂದ ಮೇಲೆ ಮಗನಿಗೂ ಸೊಸೆ ಶೈಲಳಿಗೂ ಒಂದು ಮಾತು ಹೇಳಿದೆ. "ಏನಾದ್ರೂ ಮಾಡ್ರಿ, ಗುಬ್ಬಿಗೆ ಮಾತ್ರ ಗೊತ್ತಾಗಬಾರದು." ಗುಬ್ಬಿ ಎಂದರೆ ಶೈಲಳ ತವರು. ಅಲ್ಲಿ ಅವಳ ತಾಯಿ, ಅಂದರೆ ನನ್ನ ಬೀಗಿತ್ತಿ ಸರ್ವಮಂಗಳಮ್ಮ ಇದ್ದಾರೆ. ಅವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ಸಲ ನಮ್ಮ ಮನೆಯಲ್ಲಿ ಇಪ್ಪತ್ತು ಜನ ಊಟಕ್ಕೆ ಕೂತಾಗ ಅವರು ಸೆರಗಿನ ಗಂಟಿನಿಂದ ಮಾತ್ರೆ ಬಿಚ್ಚಿಕೊಂಡರು. ನಾನು ಸುಮ್ಮನಿರಬೇಕಾಗಿತ್ತು. "ನಮ್ಮ ವಂಶದಲ್ಲಿ ಯಾರಿಗೂ ಇದಿಲ್ಲ ಬುಡಿ. ಮುದ್ದೆ ಉಂಡು ಮೈ ಮುರ್ದು ಕೆಲಸ ಮಾಡಿದ ಮೈ ಇದು. ಕೂತು ತಿನ್ನೋರಿಗೆ ಬರೋ ಕಾಯಿಲೆ ಅದು" ಎಂದುಬಿಟ್ಟೆ. ಅವರು ಮಾತ್ರೆಯನ್ನು ನೀರಿಲ್ಲದೆಯೇ ನುಂಗಿದರು. ಆಮೇಲೆ ಎಷ್ಟೋ ಸಲ ಆ ಮಾತು ನೆನಪಾಗಿದೆ. ನೆನಪಾದಾಗಲೆಲ್ಲ ಸರಿಯಾಗಿ ಹೇಳಿದೆ ಎಂದೇ ಅನ್ನಿಸಿತ್ತು. ಶೈಲ, "ಆಯ್ತತ್ತೆ, ನಮ್ಮಮ್ಮನ ಹತ್ರ ಬಾಯಿ ಬಿಡಲ್ಲ" ಎಂದಳು. ಹೆಣ್ಣುಮಗಳು ತಾಯಿಗೆ ಹೇಳದೆ ಇರುತ್ತಾಳೆಯೇ, ನೋಡೋಣ ಎಂದುಕೊಂಡೆ.

ಮುದ್ದೆ ಬಿಡುವುದು ಎಂದರೆ ಹಸಿವು ಎಂದು ಜನ ತಿಳಿದಿದ್ದಾರೆ. ಹಸಿವಲ್ಲ, ದವಡೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತೇವೆ. ಅರವತ್ತು ವರ್ಷ ನುಂಗಿಕೊಂಡೇ ಬದುಕಿದ ಬಾಯಿಗೆ ಈಗ ಒಂದು ತಟ್ಟೆ ಹುರುಳಿಕಾಯಿ, ಎಲೆಕೋಸು, ಸೌತೆಕಾಯಿ ಕೊಟ್ಟು ಅಗಿ ಎಂದರೆ ಅದು ಏನು ಮಾಡೀತು. ಮೂರನೇ ದಿನಕ್ಕೆ ಕಿವಿಯ ಕೆಳಗೆ ನೋವು ಬಂತು. ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಮಂಜ ಉಂಡು, ಕೈ ತೊಳೆದು, ಸ್ಕೂಟರು ತೆಗೆದು ಅಂಗಡಿಗೆ ಹೋದರೂ ನಾನಿನ್ನೂ ಅದೇ ಎಲೆಕೋಸನ್ನು ಎಡಗಡೆಯಿಂದ ಬಲಗಡೆಗೆ ಸಾಗಿಸುತ್ತಿರುತ್ತಿದ್ದೆ. ಹಸು ಮೇಯುವುದನ್ನು ನೋಡಿ ಎಷ್ಟು ನೆಮ್ಮದಿ ಎಂದುಕೊಂಡಿದ್ದವಳು ನಾನು. ನೆಮ್ಮದಿಯೂ ಇಲ್ಲ, ಏನೂ ಇಲ್ಲ. ಅದಕ್ಕೆ ಬೇರೆ ದಾರಿಯಿಲ್ಲ, ಅಷ್ಟೆ.

ವನಜ ಕುಣಿಗಲ್ಲಿನಿಂದ ದಿನಕ್ಕೊಂದು ಉಪಾಯ ಕಳಿಸುತ್ತಿದ್ದಳು. ಹೂಕೋಸನ್ನು ತುರಿದು ಬೇಯಿಸಿದರೆ ಅನ್ನದ ಹಾಗೇ ಇರುತ್ತದೆ ಎಂದಳು. ಶೈಲ ಪಾಪ ಮಾಡಿಟ್ಟಳು. ನೋಡಲು ಅನ್ನದ ಹಾಗೇ ಇತ್ತು. ಬಾಯಿಗಿಟ್ಟರೆ ಹೂಕೋಸು. ಬಾದಾಮಿ ಹಿಟ್ಟಿನಲ್ಲಿ ಮುದ್ದೆ ಆಗುತ್ತದಂತೆ ಎಂದು ಒಂದು ಪೊಟ್ಟಣ ಕಳಿಸಿದಳು. ಅದನ್ನು ತಿರುವಲು ನಾನೇ ಕೂತೆ, ಯಾಕೆಂದರೆ ಈ ಬೀದಿಯಲ್ಲಿ ಗಂಟಿಲ್ಲದೆ ಮುದ್ದೆ ತಿರುವುವವಳು ನಾನೊಬ್ಬಳೇ. ಅದು ಗಂಟೂ ಆಗಲಿಲ್ಲ, ಗಟ್ಟಿಯೂ ಆಗಲಿಲ್ಲ, ಎಣ್ಣೆ ಬಿಟ್ಟುಕೊಂಡು ಕೋಲಿನ ಸುತ್ತ ಜಾರಾಡಿತು. "ಇದನ್ನು ಮುಖಕ್ಕೆ ಹಚ್ಕೊಂಡ್ರೆ ಏನಾದ್ರೂ ಪ್ರಯೋಜನ ಇರಬೌದು" ಎಂದೆ. ಮಂಜ ಅದನ್ನು ಪೂರ್ತಿ ತಿಂದ. ಅವನು ಸಣ್ಣವನಿದ್ದಾಗಿನಿಂದಲೂ ಹಾಗೆ, ಬಡಿಸಿದವರ ಮುಖ ನೋಡಿ ತಿನ್ನುತ್ತಾನೆ, ತಟ್ಟೆ ನೋಡಿ ಅಲ್ಲ.

ಒಂದೇ ಒಂದು ಸುಖ ಸಿಕ್ಕಿತು. ತೆಂಗಿನಕಾಯಿ ತಿನ್ನಬಹುದು ಎಂದು ವನಜ ಹೇಳಿದಳು. ಎಷ್ಟು ಎಂದೆ. ಅದಕ್ಕೆ ಲೆಕ್ಕ ಇಲ್ಲ ಎಂದಳು. ಲೆಕ್ಕ ಇಲ್ಲ ಎಂಬ ಮಾತನ್ನು ತೆಂಗಿನಕಾಯಿಯ ವಿಷಯದಲ್ಲಿ ನಾನು ಜೀವಮಾನದಲ್ಲಿ ಮೊದಲ ಸಲ ಕೇಳಿದ್ದು. ಕಡಬದ ನಮ್ಮ ತೋಟದಲ್ಲಿ ಕಾಯಿ ರಾಶಿ ಬಿದ್ದಿರುತ್ತಿತ್ತು. ಅತ್ತೆ ಮಾತ್ರ ಒಂದು ಕಾಯಿ ಒಡೆದು, ಅದರಲ್ಲಿ ಕಾಲು ಭಾಗ ತುರಿದು, ಒಂಬತ್ತು ಜನರ ಸಾರಿಗೆ ಸಾಕು ಎನ್ನುತ್ತಿದ್ದರು. ಉಳಿದದ್ದನ್ನು ನೀರಿನಲ್ಲಿ ಮುಳುಗಿಸಿ, ಅದರ ಮೇಲೆ ಕಣ್ಣಿಟ್ಟು ಕೂರುತ್ತಿದ್ದರು. ಈಗ ನಾನು ದಿನಾ ಬೆಳಿಗ್ಗೆ ಒಂದು ಇಡೀ ಹೋಳನ್ನು ಹಲ್ಲಿನಲ್ಲಿ ಕೆರೆದುಕೊಂಡು ತಿನ್ನುತ್ತೇನೆ. ಗೋಡೆಯ ಮೇಲೆ ಅತ್ತೆಯ ಫೋಟೋ ಇದೆ. ಅದರ ಎದುರಿಗೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ.

ಬೀದಿಯವರಿಗೆ ಉತ್ತರ ಹೇಳುವುದೇ ಇನ್ನೊಂದು ಕೆಲಸವಾಯಿತು. ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವಾಗ ನಾನು ಒಂದು ತಟ್ಟೆ ಇಡ್ಲಿ ತಿಂದು ಬರುತ್ತಿದ್ದ ಚಿಕ್ಕ ಹೋಟೆಲೊಂದಿದೆ. ಐದು ದಿನ ಎದುರುಗಡೆಯ ಫುಟ್‌ಪಾತಿನಲ್ಲಿ ತಲೆ ತಗ್ಗಿಸಿಕೊಂಡು ಹೋದೆ. ಆರನೇ ದಿನ ಹೋಟೆಲಿನಾತ ರಸ್ತೆ ದಾಟಿ ಬಂದ. "ಯಾಕಜ್ಜಿ, ನಮ್ಮಿಂದ ಏನ್ ತಪ್ಪಾಯ್ತು. ಅವತ್ತು ಚಟ್ನಿ ನೀರಾಗಿತ್ತು ಅಂತಾನಾ" ಎಂದು ಕೇಳಿದ. ನಾನು ಗಮನಿಸಿಯೇ ಇರಲಿಲ್ಲ. ಹೇಳಿದ ಮೇಲೆ ನೆನಪಾಯಿತು, ಹೌದು, ನೀರಾಗಿತ್ತು. "ಇನ್ಮೇಲಾದ್ರೂ ಗಟ್ಟಿ ಮಾಡು" ಎಂದು ಹೇಳಿ ಬಂದೆ. ಮುಂದೆ ಗುಬ್ಬಿಯಲ್ಲಿ ಆಗುವುದಕ್ಕೆ ಅದು ಎಚ್ಚರಿಕೆ ಎಂದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಒಂದು ತಿಂಗಳು ಮುಗಿಯಲು ಮೂರು ದಿನ ಇತ್ತು. ಸೋಮವಾರ ಡಾಕ್ಟರು ರಕ್ತ ನೋಡುವುದು. ಶುಕ್ರವಾರ ಗುಬ್ಬಿಯಲ್ಲಿ ಸರ್ವಮಂಗಳಮ್ಮನ ಮಗ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶ. ಹೋಗದಿರಲು ಆಗುವುದಿಲ್ಲ, ಸೊಸೆಯ ತವರು. ಹೋದರೆ ಊಟ. ಕೋಸಂಬರಿ, ಪಲ್ಯ ಇರುತ್ತದೆ, ಅದನ್ನೇ ಒಂದಿಷ್ಟು ತಿಂದು, ಗಲಾಟೆಯಲ್ಲಿ ಯಾರಿಗೂ ಕಾಣದ ಹಾಗೆ ಎದ್ದುಬಿಡೋಣ ಎಂದು ನನ್ನ ಲೆಕ್ಕ. ಆದರೆ ನಮ್ಮಲ್ಲಿ ಬೀಗರನ್ನು ಕಂಡಕಂಡಲ್ಲಿ ಕೂರಿಸುವುದಿಲ್ಲ. ಬೀಗರ ಪಂಕ್ತಿ ಎಂದು ಮುಂದಿನ ಸಾಲನ್ನು ಬಿಟ್ಟಿರುತ್ತಾರೆ. ಆ ಸಾಲಿಗೆ ಅಡಿಗೆಯವರು ಬಡಿಸುವ ಹಾಗಿಲ್ಲ, ಮನೆಯ ಯಜಮಾನತಿಯೇ ಸೆರಗು ಸಿಕ್ಕಿಸಿಕೊಂಡು ಬಡಿಸಬೇಕು. ಸಾಲಿನಲ್ಲಿ ಹಿರಿಯರು ಮೊದಲ ತುತ್ತು ಎತ್ತುವವರೆಗೆ ಉಳಿದವರು ಎಲೆ ಮುಟ್ಟುವುದಿಲ್ಲ. ಹಿರಿಯಳು ನಾನು.

ಸರ್ವಮಂಗಳಮ್ಮ ಹೋಳಿಗೆಯ ತಟ್ಟೆ ಹಿಡಿದು ಬಂದರು. ಹಿಂದೆ ಶೈಲ ತುಪ್ಪದ ಗಿಂಡಿ ಹಿಡಿದಿದ್ದಳು. ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಬೇಡ ಮಂಗಳಮ್ಮ" ಎಂದೆ. "ಒಂದು ಹಾಕ್ಕಳಿ ಅಕ್ಕ, ಕಾಯಿ ಹೋಳಿಗೆ" ಎಂದರು. "ಒಂದೂ ಬೇಡ." "ಅನ್ನ ಹಾಕ್ಲಾ." "ಅನ್ನನೂ ಬೇಡ." "ಬಿಸಿ ಮುದ್ದೆ ಐತೆ, ನಿಮಗೋಸ್ಕರ ಅಂತ್ಲೇ ಬೇರೆ ಒಲೆ ಮೇಲೆ ಮಾಡ್ಸಿದೀನಿ." ಗೃಹಪ್ರವೇಶದ ಊಟಕ್ಕೆ ಯಾರಾದರೂ ಮುದ್ದೆ ಮಾಡಿಸುತ್ತಾರೆಯೇ. ಇವರು ಮಾಡಿಸಿದ್ದರು. "ಮುದ್ದೆನೂ ಬೇಡ" ಎಂದೆ. ನನ್ನ ಪಕ್ಕದಲ್ಲಿದ್ದ ಮಂಜ ಎತ್ತಿದ್ದ ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡ.

ಸರ್ವಮಂಗಳಮ್ಮ ತಟ್ಟೆ ಹಿಡಿದುಕೊಂಡೇ ನಿಂತರು. "ನಂಗೊತ್ತಾಯ್ತು ಬುಡಿ" ಎಂದರು. "ಕುಂಕುಮ ಹಿಡ್ಕೊಂಡು ಮನೆಗೆ ಬಂದು ಕರೀಲಿಲ್ಲ, ಫೋನಲ್ಲಿ ಕರೆದ್ರು ಅಂತ ತಾನೇ." ನನಗೆ ಹಾಗೆ ಅನ್ನಿಸಿಯೇ ಇರಲಿಲ್ಲ. ಅಲ್ಲ ಎಂದೆ. "ಹಂಗಾದ್ರೆ ಹೋದ ವರ್ಷ ಕಾಯಿ ಮೂಟೆ ಕಳಿಸ್ಲಿಲ್ಲ ಅಂತ." ಅಲ್ಲ ಎಂದೆ, ಮನಸ್ಸಿನಲ್ಲಿ ಬರೆದುಕೊಂಡೆ. "ಹಬ್ಬಕ್ಕೆ ನಿಮಗೆ ಕೊಟ್ಟ ಸೀರೆ ನಮ್ಮ ಇನ್ನೊಬ್ಬ ಬೀಗಿತ್ತಿ ಬೇಡ ಅಂತ ವಾಪಸ್ ಕೊಟ್ಟಿದ್ದು ಅಂತ ಯಾರೋ ಹೇಳವ್ರೆ ನಿಮಗೆ." ಯಾರೂ ಹೇಳಿರಲಿಲ್ಲ. ಆ ಸೀರೆಯನ್ನೇ ಉಟ್ಟುಕೊಂಡು ಕೂತಿದ್ದೆ ನಾನು. ಒಂದು ಸಲ ಬಗ್ಗಿ ನೋಡಿಕೊಂಡೆ. "ಅದೂ ಅಲ್ಲ ಅಂದ್ರೆ, ನಿಮ್ಮ ಬಾಯಿ ಸಂತೆ ಬಾಯಿ, ಒಂದು ಗಳಿಗೆ ಮುಚ್ಚಕಿಲ್ಲ ಅಂತ ನಾನು ಶೈಲಂಗೆ ಅಂದಿದ್ದೆ. ಅದು ನಿಮ್ಮ ಕಿವಿಗೆ ಬಿದ್ದದೆ" ಎಂದರು. ನಾನು ಆ ಮನೆಗೆ ಹೋದಾಗ ನನ್ನಲ್ಲಿ ಒಂದು ಚೂರೂ ಸಿಟ್ಟಿರಲಿಲ್ಲ. ಐದು ನಿಮಿಷದಲ್ಲಿ ಆಕೆಯೇ ನನಗೆ ನಾಲ್ಕು ವರ್ಷಕ್ಕಾಗುವಷ್ಟು ಸಿಟ್ಟು ಬಡಿಸಿಬಿಟ್ಟರು.

ಆಮೇಲೆ ಆಕೆ ಮಗಳ ಕಡೆಗೆ ತಿರುಗಿದರು. "ಏನೇ, ನೀನೇ ಹೇಳಿರ್ಬೇಕು. ಅಲ್ಲಾಂದ್ರೆ ಇವರಿಗೆ ಯಾಕೆ ಸಿಟ್ಟು ಅಂತ ನಂಗೆ ಒಂದು ಮಾತು ಮುಂಚೇಲೇ ಹೇಳಬಾರದಿತ್ತಾ. ತುಂಬಿದ ಪಂಕ್ತಿಲಿ ತಾಯಿ ಮರ್ಯಾದೆ ಕಳೀಬೇಕು ಅಂತಾನಾ" ಎಂದರು. ಶೈಲ ತುಪ್ಪದ ಗಿಂಡಿಯನ್ನು ನೋಡುತ್ತ ನಿಂತಿದ್ದಳು. ಒಂದು ಮಾತು ಸಾಕಾಗಿತ್ತು ಅವಳಿಗೆ, ನಮ್ಮತ್ತೆಗೆ ಸಕ್ಕರೆ ಕಾಯಿಲೆ ಎಂದರೆ ಎಲ್ಲ ಮುಗಿಯುತ್ತಿತ್ತು. ಆಡಲಿಲ್ಲ. ತಾಯಿಯ ಕೈಯಲ್ಲಿ ನೂರು ಜನರ ಮುಂದೆ ಬೈಸಿಕೊಂಡು, ನನಗೆ ಕೊಟ್ಟ ಮಾತು ಕಚ್ಚಿಕೊಂಡು ನಿಂತಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮೊದಲನೇ ಬೈಗುಳಕ್ಕೇ ಎಲ್ಲ ಕಕ್ಕಿಬಿಡುತ್ತಿದ್ದೆ. ನನ್ನ ಬಾಯಿ ಎಂಥದ್ದು ಎಂದು ಈಗಷ್ಟೇ ಸಭೆಯಲ್ಲಿ ಹೇಳಿಯೂ ಆಗಿತ್ತು.

ಎರಡು ದಾರಿ ಇತ್ತು. ಒಂದು ಹೋಳಿಗೆ ಹಾಕಿಸಿಕೊಂಡು ತಿಂದರೆ ಎಲ್ಲರ ಮುಖವೂ ಅರಳುತ್ತದೆ. ಒಂದು ತಿಂದರೆ ಬೀಗಿತ್ತಿ ಬಿಡುತ್ತಾರೆಯೇ, ಮೂರಾಗುತ್ತದೆ, ಮೇಲೆ ತುಪ್ಪ, ಅದರ ಮೇಲೆ ಪಾಯಸ. ಸೋಮವಾರ ರಕ್ತ ಏನು ಹೇಳುತ್ತದೋ, ಆಪರೇಷನ್ ಮತ್ತೆ ಮುಂದಕ್ಕೆ, ಮತ್ತೆ ಮಂಜನ ಬಾಯಲ್ಲಿ ಪೇಪರು. ಇಪ್ಪತ್ತೇಳು ದಿನ ಹಸುವಿನ ಹಾಗೆ ಅಗಿದದ್ದು ಮಣ್ಣುಪಾಲು. ಇನ್ನೊಂದು ದಾರಿ ಬಾಯಿ ಬಿಡುವುದು. ಅದನ್ನು ನೆನೆದರೆ ಹೋಳಿಗೆಯೇ ವಾಸಿ ಅನ್ನಿಸಿತು. ಆದರೆ ಆ ಹುಡುಗಿ ಗಿಂಡಿ ಹಿಡಿದು ನಿಂತಿದ್ದಳಲ್ಲ.

"ಅವಳನ್ನ ಯಾಕೆ ಬಯ್ತೀರಿ" ಎಂದೆ. "ನಂಗೆ ಸಿಟ್ಟೂ ಇಲ್ಲ ಏನೂ ಇಲ್ಲ. ಸಕ್ಕರೆ ಕಾಯಿಲೆ ಬಂದೈತೆ. ಸೋಮವಾರ ಇಳೀದಿದ್ರೆ ಕಣ್ಣಿನ ಆಪರೇಷನ್ ಮಾಡಲ್ಲ ಅಂದವ್ರೆ. ಅದಕ್ಕೇ ಬೇಡ ಅಂದೆ."

ಹಿಂದಿನ ಸಾಲಿನಲ್ಲಿ ಹಪ್ಪಳ ಮುರಿದ ಸದ್ದು ಕೇಳಿತು. ಸರ್ವಮಂಗಳಮ್ಮ ನನ್ನನ್ನೇ ನೋಡಿದರು. ನನಗೆ ಅವರ ಮುಖ ಸರಿಯಾಗಿ ಕಾಣಲಿಲ್ಲ, ಮಜ್ಜಿಗೆ ಅಡ್ಡ ಇತ್ತು, ಆದರೆ ಅದು ಅರಳುತ್ತಿದೆ ಎಂಬುದು ಗೊತ್ತಾಯಿತು. ಹೋಳಿಗೆಯ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು, ನನ್ನ ಎಲೆಯ ಎದುರಿಗೆ ಕುಕ್ಕರುಗಾಲಲ್ಲಿ ಕೂತರು.

"ನಿಮ್ಮ ವಂಶದಲ್ಲಿ ಯಾರಿಗೂ ಇಲ್ಲ ಅಂದಿದ್ರಿ" ಎಂದರು.

"ಅಂದಿದ್ದೆ."

"ಮುದ್ದೆ ಉಂಡ ಮೈ ಅಂದಿದ್ರಿ."

"ಅದನ್ನೂ ಅಂದಿದ್ದೆ."

"ಕೂತು ತಿನ್ನೋರಿಗೆ ಬರೋ ಕಾಯಿಲೆ ಅಂತ."

"ಅಂದೆ ಕಣ್ರೀ. ಈಗೇನು, ಎಲೆ ಮುಂದೆ ಕೂತು ಪಾಠ ಒಪ್ಪಿಸ್ತೀರಾ" ಎಂದೆ.

"ಎಷ್ಟೈತೆ ನಿಮ್ದು" ಎಂದು ಕೇಳಿದರು. ಹೇಳಿದೆ. ಅವರು ಅಂಗೈಯನ್ನು ಮಂಡಿಯ ಮೇಲೆ ಬಡಿದು, "ನಂದು ಅದರಲ್ಲಿ ಅರ್ಧ" ಎಂದರು. ಮಗ ಮನೆ ಕಟ್ಟಿದ ಸಂತೋಷವೂ ಅಷ್ಟಿತ್ತೋ ಇಲ್ಲವೋ. ಎದ್ದವರೇ ಅಡಿಗೆಯವರನ್ನು ಕೂಗಿ ಒಂದು ಬೋಗುಣಿ ಕೋಸಂಬರಿ, ಒಂದು ಬೋಗುಣಿ ಹುರುಳಿಕಾಯಿ ಪಲ್ಯ ತರಿಸಿ ನನ್ನ ಎಲೆಗೆ ಸುರಿದರು. ನಾನು ಮೊದಲ ತುತ್ತು ಎತ್ತಿದೆ, ಸಾಲು ಊಟಕ್ಕೆ ಕೈ ಹಾಕಿತು. ಸರ್ವಮಂಗಳಮ್ಮ ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಬಡಿಸುತ್ತ, "ನಮ್ಮ ಬೀಗಿತ್ತಿಗೂ ಸಕ್ಕರೆ ಐತಂತೆ, ಪಾಪ" ಎಂದು ಪ್ರತಿ ಎಲೆಗೂ ಒಂದೊಂದು ಸಲ ಬಡಿಸಿಕೊಂಡು ಹೋದರು. ಆ ಪಾಪ ಎಂಬ ಮಾತನ್ನು ಅವರು ಹತ್ತು ವರ್ಷದಿಂದ ತುಪ್ಪದಲ್ಲಿ ನೆನೆಸಿಟ್ಟಿದ್ದರು ಅಂತ ಕಾಣುತ್ತದೆ. ನಾನು ಅಗಿಯುತ್ತ ಕೂತೆ. ಅಗಿಯುವುದರಲ್ಲಿ ಒಂದು ಲಾಭ ಇದೆ, ಬಾಯಿ ತುಂಬಿರುತ್ತದೆ, ಉತ್ತರ ಕೊಡಬೇಕಾಗಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಶೈಲ, "ಯಾಕತ್ತೆ ಹೇಳ್ಬಿಟ್ರಿ, ನಾನು ಹೇಳ್ತಿರಲಿಲ್ಲ" ಎಂದಳು. "ಗೊತ್ತು, ಸುಮ್ನೆ ಕೂತ್ಕ" ಎಂದೆ.

ಸೋಮವಾರ ಕುಣಿಗಲ್ಲಿಗೆ ಹೋಗಿ ರಕ್ತ ಕೊಟ್ಟೆ. ಇಳಿದಿತ್ತು. ಡಾಕ್ಟರು ಎರಡು ಸಲ ಕಾಗದ ನೋಡಿ, "ಏನು ಮಾಡಿದಿರಿ" ಎಂದು ಈ ಸಲ ನನ್ನನ್ನೇ ಕೇಳಿದರು. "ಮಗಳ ಕೈಲಿ ಬೈಸ್ಕೊಂಡೆ, ಬೀಗಿತ್ತಿ ಕೈಲಿ ಅನ್ನಿಸ್ಕೊಂಡೆ" ಎಂದೆ. ವನಜ ಆ ಕಾಗದ ಇಸಿದುಕೊಂಡು ತಾನೂ ಒಂದು ಸಲ ನೋಡಿದಳು. ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಕೆಲವು ದಿನವಾದ ಮೇಲೆ ಪೇಪರು ಬಿಡಿಸಿದೆ. ಅಕ್ಷರಗಳು ತೊಳೆದಿಟ್ಟ ಕಾಳಿನ ಹಾಗೆ ಒಂದೊಂದೇ ಎದ್ದು ನಿಂತವು. ಹಿಂದಿನ ಪುಟದ ಹರಾಜಿನ ನೋಟೀಸಿನವರೆಗೂ ಬಿಡದೆ ಓದಿದೆ. ಮಂಜ, "ಇನ್ನೇನವ್ವ, ಗೆದ್ದೆ. ಭಾನುವಾರ ಅರ್ಧ ಮುದ್ದೆ ಉಣ್ಣಬೌದು ಅಂತ ಡಾಕ್ಟರೇ ಹೇಳವ್ರೆ" ಎಂದ. ನಾನು ಭಾನುವಾರಕ್ಕೆ ಬಸ್ಸಾರು ಎಂದು ಶೈಲಳಿಗೆ ಹೇಳಿಯೂ ಇಟ್ಟಿದ್ದೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಗೃಹಪ್ರವೇಶದ ಮಾರನೇ ದಿನದಿಂದ ಸರ್ವಮಂಗಳಮ್ಮ ನನಗೆ ದಿನಾ ಬೆಳಿಗ್ಗೆ ಫೋನು ಮಾಡುತ್ತಾರೆ. ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ, "ಎಷ್ಟು ಬಂತು" ಎಂದು ಕೇಳುತ್ತಾರೆ. ಅವರ ಮನೆಯಲ್ಲೂ ಬೆರಳು ಚುಚ್ಚಿ ನೋಡುವ ಮಿಷನ್ ಇದೆ, ನಮ್ಮಲ್ಲೂ ಮಂಜ ತಂದಿಟ್ಟಿದ್ದಾನೆ. ದಿನಾ ಅವರದ್ದು ನನ್ನದಕ್ಕಿಂತ ಸ್ವಲ್ಪ ಕಡಿಮೆ. ಒಂದು ದಿನವೂ ತಪ್ಪಿಲ್ಲ. ಕಡಿಮೆ ಹೇಳಿ, "ಹೋಗ್ಲಿ ಬುಡಿ ಅಕ್ಕ, ನೀವು ಹೊಸಬರು" ಎನ್ನುತ್ತಾರೆ. ಹೊಸಬಳಂತೆ ನಾನು. ನಿನ್ನೆ ಶನಿವಾರ ಮಿಷನ್ನಿನ ಅಂಕಿಯನ್ನು ನಾನೇ ಓದಿದೆ, ಈಗ ಕಣ್ಣು ಚೆನ್ನಾಗಿದೆಯಲ್ಲ, ಓದಿ ಅದರಲ್ಲಿ ನಲವತ್ತು ಕಳೆದು ಫೋನಿನಲ್ಲಿ ಹೇಳಿದೆ. "ಇನ್ನೊಂದು ಸಲ ಹೇಳಿ" ಎಂದರು, ಹೇಳಿದೆ. ನನಗೆ ಕಾಯಿ ಹೋಳು ಕೆರೆದು ತಿಂದಷ್ಟು ಖುಷಿಯಾಯಿತು.

"ಅಷ್ಟು ಕಮ್ಮಿನಾ" ಎಂದರು. "ಹತ್ತು ವರ್ಷದಲ್ಲಿ ನಂಗೆ ಒಂದು ಸಲಾನೂ ಅಷ್ಟಕ್ಕೆ ಇಳಿದಿಲ್ಲ. ಏನ್ ತಿಂತೀರಿ ಅಂತ ಕಣ್ಣಾರೆ ನೋಡ್ಬೇಕು ಅಕ್ಕ. ನಾಳೆ ಮೊದಲನೇ ಬಸ್ಸಿಗೆ ಬರ್ತೀನಿ, ಹದಿನೈದು ದಿನ ನಿಮ್ಮ ಜೊತೇಲೇ ಉಣ್ತೀನಿ. ನಿಮ್ಮ ತಟ್ಟೇಲಿ ಏನೈತೋ ನನ್ನ ತಟ್ಟೇಲೂ ಅದೇ."

ಇವತ್ತು ಭಾನುವಾರ, ಬೆಳಿಗ್ಗೆಯೇ ಬಂದರು. ಅರ್ಧ ಮುದ್ದೆ ಇರಲಿ, ಅದರ ಹೆಸರನ್ನೂ ಮನೆಯಲ್ಲಿ ಎತ್ತದ ಹಾಗೆ ಮಂಜನಿಗೆ ಹೇಳಿದೆ. ಶೈಲ ಬಸ್ಸಾರಿಗೆಂದು ಬೇಯಿಸಿದ್ದ ಸೊಪ್ಪುಕಾಳನ್ನು ಹಾಗೇ ಪಲ್ಯ ಮಾಡಿ, ಹೂಕೋಸು ತುರಿಯಲು ಕೂತಿದ್ದಾಳೆ, ತುಟಿ ಕಚ್ಚಿಕೊಂಡು ನಗುತ್ತಿದ್ದಾಳೆ. ಈಗ ಸರ್ವಮಂಗಳಮ್ಮ ನಡುಮನೆಯಲ್ಲಿ ಚಾಪೆ ಹಾಸಿ ತಮ್ಮ ಮಿಷನ್ ಬಿಚ್ಚಿ ಒರೆಸುತ್ತಿದ್ದಾರೆ. "ಬೆರಳು ತೊಳ್ಕೊಂಡು ಬನ್ನಿ ಅಕ್ಕ, ಇವತ್ತು ಇಬ್ಬರದೂ ಒಂದೇ ಮಿಷನ್ನಲ್ಲಿ ನೋಡನ" ಎಂದು ಆಗಿನಿಂದ ಕರೆಯುತ್ತಿದ್ದಾರೆ. ಬಂದೆ, ಒಂದು ನಿಮಿಷ, ಕಾಗದ ಬರೀತಿದೀನಿ ಎಂದು ಹೇಳಿ ಇದನ್ನು ಬರೆಯುತ್ತ ಕೂತಿದ್ದೇನೆ. ಹೇಳಲು ಇನ್ನೇನೂ ಉಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.